ಒಳಗಿನ ಎಲುಬು, ಹೊರಗಿನ ಕವಚ

ರಾತ್ರಿಯ ಹೊತ್ತು ಅಡುಗೆಯ ಮನೆಯಲ್ಲಿ ದೀಪ ಹೊತ್ತಿಸಿದಾಗ, ಹಾಲಿನಂತೆ ಬೆಳ್ಳಗಿರುವ ಜಿರಲೆಯೊಂದು ಅಪರೂಪವಾಗಿ ಕಣ್ಣಿಗೆ ಬೀಳುವುದುಂಟು. ಅದರ ಪಕ್ಕದಲ್ಲಿಯೇ ಕಂದು ಬಣ್ಣದ ಇನ್ನೊಂದು ಜಿರಲೆ ಕದಲದೆ ನಿಂತಂತೆ ತೋರುವುದು. ಬಿಳಿಯದು ಬೇರೊಂದು ಜಾತಿಯದೆಂದು ಕೆಲವರು ಎಣಿಸುವರು. ರೋಗ ಹಿಡಿದುದೆಂದು ಮತ್ತೆ ಕೆಲವರು. ಎರಡೂ ಸರಿಯಲ್ಲ. ಕಂದು ಬಣ್ಣದ್ದು ಜಿರಲೆಯೇ ಅಲ್ಲ. ಒಳಗೆ ಏನೂ ಇಲ್ಲದ ಬರಿಯ ಹೊದಿಕೆ. ಬಿಳಿಯದು ಅದರೊಳಗಿನಿಂದ ಈಗತಾನೆ ಹೊರಬಿದ್ದ ಜೀವ. ಕೆಲವು ಗಂಟೆಗಳು ಕಳೆದರೆ ಅದೂ ಕಂದು ಬಣ್ಣಕ್ಕೆ ತಿರುಗಿ, ಮೈ ಗಟ್ಟಿಯಾಗಿ, ಎಂದಿನಂತೆ ಓಡಾಡುವುದು. ಆದರೆ ಆ ಕೆಲವು ಗಂಟೆಗಳ ಕಾಲ ಅದರ ಮೈ ಬೆಣ್ಣೆಯಂತೆ ಮೆತ್ತಗೆ. ಇರುವೆಯ ಸಾಲೊಂದು ಆ ಕಡೆ ಬಂದರೂ ಅದರ ಬಾಳು ಮುಗಿದಂತೆಯೇ.

ಇಷ್ಟು ಅಪಾಯಕ್ಕೆ ಮೈಯೊಡ್ಡಿ ಅದು ತನ್ನ ಕವಚವನ್ನು ಏಕೆ ಕಳಚಿತು? ಬೆಳೆಯಬೇಕಾಗಿದ್ದುದರಿಂದ. ಕಾವಲು ಬಲವಾದಷ್ಟೂ ಬೆಳವಣಿಗೆಗೆ ಎಡೆ ಕಡಮೆ. ಬೆಳವಣಿಗೆಗೆ ಎಡೆಮಾಡಿಕೊಟ್ಟಷ್ಟೂ ಕಾವಲು ಸಡಿಲ. ಮೈಯಲ್ಲಿ ಗಟ್ಟಿಯಾದ ಭಾಗವುಳ್ಳ ಪ್ರತಿಯೊಂದು ಪ್ರಾಣಿಯೂ ಈ ತೊಡಕನ್ನು ಬಿಡಿಸಿಕೊಳ್ಳಲೇಬೇಕು. ಯಾವ ಯಾವ ಪ್ರಾಣಿ ಅದನ್ನು ಹೇಗೆ ಬಿಡಿಸಿಕೊಂಡಿದೆ, ಅದಕ್ಕಾಗಿ ಏನು ಬೆಲೆ ತೆತ್ತಿದೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಅಸ್ಥಿಪಂಜರವೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವೈದ್ಯಶಾಲೆಯಲ್ಲಿ ತೂಗುಹಾಕಿದ ಮನುಷ್ಯನ ಎಲುಬುಗಳ ಗೂಡು. ಆದರೆ ಎಲುಬಿಲ್ಲದ ಪ್ರಾಣಿಗಳಿಗೂ ಹಂದರ ಬೇಕು. ಆದುದರಿಂದ ಶಾಸ್ತ್ರಜ್ಞರು ಕಂಕಾಲವೆಂಬ ಪದವನ್ನು ವಿಶಾಲವಾದ ಅರ್ಥದಲ್ಲಿ ಬಳಸುವರು. ಕಂಕಾಲದ ಕೆಲಸಗಳು ಮುಖ್ಯವಾಗಿ ಮೂರು. ಮೈಗೆ ಒಂದು ಆಕಾರವನ್ನು ಕೊಟ್ಟು ಅದು ಕುಸಿಯದಂತೆ ಎತ್ತಿಹಿಡಿಯುವುದು ಒಂದು. ಸ್ನಾಯುಗಳು ಎಳೆದಾಗ ಸನ್ನೆಗೋಲಿನಂತೆ ತಿರುಗಿ ಚಲನೆಯನ್ನು ಉಂಟುಮಾಡುವುದು ಎರಡು. ಮೃದುವಾದ ಅಂಗಗಳನ್ನು ಕಾಯುವುದು ಮೂರು. ಈ ಹಂದರವು ಮೈಯ ಹೊರಗಿದ್ದರೆ ಬಾಹ್ಯಕಂಕಾಲ, ಒಳಗಿದ್ದರೆ ಅಂತಃಕಂಕಾಲ. ಪಂಜರವೆಂಬ ಮಾತು ನಿಜವಾಗಿ ಒಪ್ಪುವುದು ಜಿರಲೆಗೆ. ಅದು ಪಂಜರದೊಳಗೆ ವಾಸಿಸುತ್ತದೆ. ನಾವಾದರೋ ಪಂಜರವನ್ನೇ ಮೈಯೊಳಗೆ ಹೊತ್ತು ತಿರುಗುವವರು.

ಮೊದಲು ಹೊರಗಿನದನ್ನು ನೋಡೋಣ. ಜಿರಲೆ, ಇರುವೆ, ಚಿಟ್ಟೆ, ಚೇಳು, ಜೇಡ, ಜರಿ, ಏಡಿ, ಸಿಗಡಿ, ಇವೆಲ್ಲವೂ ಕೀಲುಗಾಲಿನ ಪ್ರಾಣಿಗಳೆಂಬ ಒಂದೇ ದೊಡ್ಡ ವಂಶಕ್ಕೆ ಸೇರಿದುವು. ಇವುಗಳ ಕವಚಕ್ಕೆ ಆಧಾರವಾದ ವಸ್ತು ಕೈಟಿನ್. ನಾರಿನಂಥ ಈ ಪದಾರ್ಥವು ಸಸಾರಜನಕದ ಪದರಗಳೊಡನೆ ಹೆಣೆದುಕೊಂಡು ಹಗುರವೂ ಗಟ್ಟಿಯೂ ಆದ ಹಲಗೆಯಾಗುವುದು. ಏಡಿಯು ಇದರ ಜೊತೆಗೆ ಸುಣ್ಣದ ಅಂಶವನ್ನೂ ತುಂಬಿ ಕವಚವನ್ನು ಕಲ್ಲಿನಂತೆ ಮಾಡಿಕೊಳ್ಳುತ್ತದೆ. ಹಲಗೆಗೂ ಹಲಗೆಗೂ ನಡುವೆ ಮೆತ್ತನೆಯ ಪೊರೆಯುಂಟು, ಅದೇ ಕೀಲು. ಸ್ನಾಯುಗಳು ಈ ಕೊಳವೆಗಳ ಒಳಗೋಡೆಗೆ ಅಂಟಿಕೊಂಡು ಒಳಗಿನಿಂದಲೇ ಎಳೆಯುವುವು. ನಮ್ಮ ತೋಳಿನಲ್ಲಿ ಎಲುಬು ಒಳಗೆ, ಮಾಂಸ ಹೊರಗೆ. ಏಡಿಯ ಕಾಲಿನಲ್ಲಿ ಮಾಂಸ ಒಳಗೆ, ಗಟ್ಟಿಯಾದುದು ಹೊರಗೆ.

ಇದು ಕೆಳದರ್ಜೆಯ ಏರ್ಪಾಡೆಂದು ಭಾವಿಸಬಾರದು. ಒಂದೇ ತೂಕದ ಪದಾರ್ಥದಿಂದ ಒಂದು ಗಟ್ಟಿ ಕಡ್ಡಿಯನ್ನೂ ಒಂದು ಟೊಳ್ಳು ಕೊಳವೆಯನ್ನೂ ಮಾಡಿದರೆ, ಬಾಗದೆ ನಿಲ್ಲುವುದರಲ್ಲಿ ಕೊಳವೆಯೇ ಮೇಲು. ಬಿದಿರಿನ ಗಳುವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಹಂದರ, ಅದೇ ಗುರಾಣಿ. ನೆಲದ ಮೇಲೆ ಬಾಳುವ ಕೀಟಕ್ಕೆ ಮೈಯ ನೀರು ಆರದಂತೆ ತಡೆಯುವ ಮೇಣದ ಹೊದಿಕೆಯೂ ಅದೇ. ಮಾನವನು ಇದುವರೆಗೆ ಹೆಸರಿಟ್ಟಿರುವ ಪ್ರಾಣಿಜಾತಿಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಈ ಕೀಲುಗಾಲಿನ ವಂಶದ್ದೇ. ಅವುಗಳ ಸಂಖ್ಯೆ 10 ಲಕ್ಷವನ್ನು ಮೀರಿದೆ. ಮೀನಿನಿಂದ ಮನುಷ್ಯನವರೆಗೆ ಬೆನ್ನೆಲುಬುಳ್ಳ ಜಾತಿಗಳೆಲ್ಲ ಕೂಡಿದರೂ ಸುಮಾರು 70 ಸಾವಿರವಷ್ಟೆ.

ಆದರೆ ಈ ಕವಚಕ್ಕೆ ಒಂದು ದೋಷವುಂಟು. ಅದು ಒಮ್ಮೆ ಗಟ್ಟಿಯಾದ ಮೇಲೆ ಹಿಗ್ಗಲಾರದು. ಮಕ್ಕಳ ಅಂಗಿ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲಿಸಬಹುದು. ಕಬ್ಬಿಣದ ಅಂಗಿಯನ್ನು ಏನು ಮಾಡುವುದು? ಕಳಚಿ ಎಸೆದು ಬೇರೆ ತೊಡಬೇಕು. ಏಡಿಯು ಹೀಗೆ ಮಾಡುವ ಬಗೆ ಬಲು ಸೋಜಿಗವಾದುದು. ಹಳೆಯ ಚಿಪ್ಪಿನ ಅಡಿಯಲ್ಲಿ ಹೊಸ ಚಿಪ್ಪು ಮೊದಲೇ ಸಿದ್ಧವಾಗುತ್ತದೆ. ಅದು ಮೆತ್ತಗೆ, ಮಡಿಕೆ ಮಡಿಕೆಯಾಗಿರುವುದು. ಹಳೆಯ ಚಿಪ್ಪಿನಲ್ಲಿದ್ದ ಸುಣ್ಣದ ಒಂದಂಶವನ್ನು ಏಡಿಯು ಮೈಯೊಳಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಕ್ಕಳದಂಥ ಮುಂಗಾಲುಗಳ ದಪ್ಪ ಮಾಂಸವು ಇಕ್ಕಟ್ಟಾದ ಕೀಲಿನ ಮೂಲಕ ಹೊರಬರಬೇಕಲ್ಲವೆ? ಅದಕ್ಕಾಗಿ ಆ ಮಾಂಸ ಮೊದಲೇ ಸೊರಗಿ ಕುಗ್ಗುವುದು. ಆಮೇಲೆ ಏಡಿ ನೀರನ್ನು ಹೀರಿ ಉಬ್ಬುತ್ತದೆ. ಹಳೆಯ ಚಿಪ್ಪು ಬೆನ್ನಿನ ಹಿಂಬದಿಯಲ್ಲಿ ಬಿರಿಯುತ್ತದೆ. ಅದು ಹಿಂದುಹಿಂದಕ್ಕೆ ಸರಿದು ಹೊರಬೀಳುತ್ತದೆ. ಕಾಲುಗಳ ಹೊದಿಕೆಯನ್ನಷ್ಟೇ ಅಲ್ಲ, ಕಣ್ಣಿನ ಮೇಲಣ ಪೊರೆ, ಕಿವಿರುಗಳ ಪೊರೆ, ಜಠರದ ಒಳಪೊರೆ, ಎಲ್ಲವನ್ನೂ ಕಳಚಿಬಿಡಬೇಕು. ಈ ಕಷ್ಟದಲ್ಲಿ ಸಿಕ್ಕಿಕೊಂಡು ಸಾಯುವುವೂ ಉಂಟು. ಹೊರಬಂದುದು ಬದುಕಿದರೂ, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಕಲ್ಲಿನ ಸಂದಿಯಲ್ಲಿ ಅಡಗಿರಬೇಕು. ಮೀನಿಗಾಗಲಿ ಹಕ್ಕಿಗಾಗಲಿ ಬೇರೆ ಏಡಿಗಾಗಲಿ ಅದು ಆಗ ಸುಲಭವಾದ ತುತ್ತು.

ಇದಕ್ಕೆ ಪ್ರತಿಯಾಗಿ ಒಂದು ಲಾಭವೂ ಇದೆ. ಕಾಲೊಂದು ಮುರಿದುಹೋಗಿದ್ದರೆ, ಕವಚ ಬದಲಾಗುವ ಕಾಲದಲ್ಲಿ ಅದು ಚಿಗುರಿ, ಒಂದೆರಡು ಸಲ ಕಳಚುವಷ್ಟರಲ್ಲಿ ಮತ್ತೆ ಬೆಳೆಯಬಲ್ಲುದು. ಇಲ್ಲಿ ಇನ್ನೊಂದು ವಿಷಯವನ್ನು ಹೇಳಬೇಕು. ರೆಕ್ಕೆ ಮೂಡಿದ ಮೇಲೆ ಕೀಟಗಳು ಸಾಮಾನ್ಯವಾಗಿ ಕವಚ ಕಳಚುವುದಿಲ್ಲ. ಆದುದರಿಂದ ಬೆಳೆಯುವುದೂ ಇಲ್ಲ. ಚಿಕ್ಕ ನೊಣವು ದೊಡ್ಡ ನೊಣದ ಮರಿಯೆಂಬ ನಂಬಿಕೆ ತಪ್ಪು. ಹಾಗೆಯೇ ಹಾವು ಬಿಡುವ ಪೊರೆಯನ್ನೂ ಇದರೊಡನೆ ಸೇರಿಸಬಾರದು. ಹಾವು ಕಳಚುವುದು ಚರ್ಮದ ಮೇಲುಪದರವನ್ನು ಮಾತ್ರ. ಅದರ ಬೆನ್ನೆಲುಬೂ ನೂರಾರು ಪಕ್ಕೆಲುಬುಗಳೂ ಒಳಗೆ ಭದ್ರವಾಗಿಯೇ ಇರುವುವು.

ಹೊರಗೆ ಕವಚವನ್ನಿಟ್ಟುಕೊಂಡೂ ಅದನ್ನು ಕಳಚದೆ ಬೆಳೆಯುವ ಉಪಾಯವೊಂದುಂಟು. ಅದನ್ನು ಕಂಡುಕೊಂಡಿರುವುದು ಶಂಖ, ಕಪ್ಪೆಚಿಪ್ಪು, ಬಸವನಹುಳುಗಳ ವಂಶ. ಬಸವನಹುಳುವಿನ ಚಿಪ್ಪು ಬಾಯಿಯ ಅಂಚಿನಲ್ಲಿ ತೆರೆದಿದೆ. ಹುಳು ಬೆಳೆದಂತೆ ಆ ಅಂಚಿಗೆ ಸುಣ್ಣದ ಹೊಸ ಪಟ್ಟಿಯನ್ನು ಸೇರಿಸುತ್ತ ಹೋಗುವುದು. ಹಳೆಯದನ್ನು ಎಸೆಯಬೇಕಾಗಿಲ್ಲ. ಚಿಪ್ಪಿನ ಸುರುಳಿಯ ತುದಿಯನ್ನು ನೋಡಿದರೆ, ಅದು ಮೊಟ್ಟೆಯಿಂದ ಹೊರಬಂದಾಗ ಇದ್ದ ಪುಟ್ಟ ಮನೆಯೇ ಅಲ್ಲಿರುವುದು. ಆದರೆ ಇಲ್ಲಿಯೂ ಬೆಲೆ ತೆರಬೇಕು. ಬಾಗಿಲು ತೆರೆದೇ ಇರಬೇಕು. ಭಾರವನ್ನು ಬಾಳಿನುದ್ದಕ್ಕೂ ಹೊರಬೇಕು. ಓಟವೆಂಬುದು ಕನಸಿನ ಮಾತು. ನಮ್ಮ ಕರಾವಳಿಯಲ್ಲಿ ಈ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವರು. ಎಲೆಯಡಿಕೆಗೆ ಹಚ್ಚುವ ಸುಣ್ಣ ಅಲ್ಲಿ ಎಷ್ಟೋ ವೇಳೆ ಒಂದು ಪ್ರಾಣಿಯ ಕಂಕಾಲದಿಂದ ಬಂದುದಾಗಿರುತ್ತದೆ.

ಇನ್ನು ಒಳಗಿನ ಕಂಕಾಲಕ್ಕೆ ಬರೋಣ. ಬೆಳೆದ ಮನುಷ್ಯನಲ್ಲಿ ಸಾಮಾನ್ಯವಾಗಿ 206 ಎಲುಬುಗಳು. ಎಲುಬು ಒಣಗಿದ ಕಲ್ಲಿನಂಥ ವಸ್ತುವೆಂದು ನಾವು ತಿಳಿಯುವುದು ಸತ್ತ ಎಲುಬನ್ನು ನೋಡಿ. ಬದುಕಿರುವ ಎಲುಬಿನೊಳಗೆ ರಕ್ತನಾಳಗಳು ಹರಿಯುವುವು, ನರಗಳು ಹಬ್ಬಿರುವುವು, ಜೀವಕೋಶಗಳು ಹಗಲಿರುಳು ಕೆಲಸಮಾಡುವುವು. ಅದರ ರಚನೆಯನ್ನು ತಿಳಿಯಲು ಸರಳವಾದ ಒಂದು ಪ್ರಯೋಗವಿದೆ. ಕೋಳಿಯ ತೆಳುವಾದ ಎಲುಬೊಂದನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಯಿಟ್ಟರೆ ಅದರ ಸುಣ್ಣದ ಅಂಶ ಕರಗಿ, ಎಲುಬು ರಬ್ಬರಿನಂತೆ ಬಾಗುವುದು. ಅಂಥದೇ ಇನ್ನೊಂದನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರೆ ಆಕಾರ ಹಾಗೆಯೇ ಉಳಿದರೂ ಬೆರಳಿನಿಂದ ಒತ್ತಿದೊಡನೆ ಪುಡಿಯಾಗುವುದು. ಮೊದಲನೆಯದರಲ್ಲಿ ಉಳಿದುದು ನಾರು, ಎರಡನೆಯದರಲ್ಲಿ ಉಳಿದುದು ಖನಿಜ. ಒಂದು ಬಾಗುವಿಕೆಯನ್ನೂ ಮತ್ತೊಂದು ಗಡಸನ್ನೂ ಕೊಟ್ಟು, ಎರಡೂ ಕೂಡಿದಾಗ ಎಲುಬು.

ಜೀವವುಳ್ಳ ಹಂದರವಾದುದರಿಂದ ಅದು ಮೈಯೊಡನೆಯೇ ಬೆಳೆಯಬಲ್ಲುದು. ಮಕ್ಕಳ ಉದ್ದನೆಯ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ತೆಳುಪದರವಿರುತ್ತದೆ. ಅಲ್ಲಿ ಹೊಸ ಎಲುಬು ಹುಟ್ಟಿ ಉದ್ದ ಹೆಚ್ಚುವುದು. ದಪ್ಪವಾಗಬೇಕಾದರೆ ಹೊರಮೈಗೆ ಹೊಸ ಪದರವನ್ನು ಕಟ್ಟುವ ಕೋಶಗಳು ಒಂದು ಕಡೆ, ಒಳಗಿನ ಗೋಡೆಯನ್ನು ಕರಗಿಸಿ ಮಜ್ಜೆಯ ಕೋಣೆಯನ್ನು ಅಗಲಿಸುವ ಕೋಶಗಳು ಇನ್ನೊಂದು ಕಡೆ. ಮನೆಯನ್ನು ಖಾಲಿಮಾಡದೆ, ಸಂಸಾರ ಅಲ್ಲಿಯೇ ನಡೆಯುತ್ತಿರುವಾಗಲೇ ಗೋಡೆಗಳನ್ನು ಸರಿಸಿದಂತಾಯಿತು. ಮಗು ಓಡುತ್ತಲೇ ಬೆಳೆಯುತ್ತದೆ. ಬೆಳೆಯುವುದಕ್ಕಾಗಿ ಸಂದಿಯಲ್ಲಿ ಅಡಗಬೇಕಾಗಿಲ್ಲ. ಅಂತಃಕಂಕಾಲದ ದೊಡ್ಡ ವರವಿದು. ಬೆಲೆಯೇನೆಂದರೆ, ನಮ್ಮ ಹೊಟ್ಟೆ, ಕೊರಳು, ಕೈಕಾಲುಗಳ ಮಾಂಸ ಎಲ್ಲವೂ ಬಯಲಿಗೆ ಬಿದ್ದಿವೆ. ಒಂದು ಮುಳ್ಳು ಸಾಕು, ರಕ್ತ ಸುರಿಯುವುದಕ್ಕೆ.

ಈ ವರದಿಂದಲೇ ಬೆನ್ನೆಲುಬುಳ್ಳ ಪ್ರಾಣಿಗಳು ದೊಡ್ಡವಾಗಲು ಸಾಧ್ಯವಾಯಿತು. ಆದರೆ ದೊಡ್ಡದಾಗುವುದು ಸುಲಭವಲ್ಲ. ಇದರ ಲೆಕ್ಕವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದನು. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಮೂರನ್ನೂ 10ರಷ್ಟು ಮಾಡಿದೆವೆಂದುಕೊಳ್ಳೋಣ. ಅದರ ತೂಕ 1000ದಷ್ಟಾಗುವುದು. ಆದರೆ ಕಾಲೆಲುಬಿನ ಅಡ್ಡಕೊಯ್ತದ ವಿಸ್ತಾರ 100ರಷ್ಟು ಮಾತ್ರ. ಎಂದರೆ ಎಲುಬಿನ ಪ್ರತಿಯೊಂದು ಭಾಗವೂ ಮೊದಲಿನ ಹತ್ತರಷ್ಟು ಹೊರೆಯನ್ನು ತಾಳಬೇಕು. ಆದುದರಿಂದ ಆನೆಯು ಹಿಗ್ಗಿಸಿದ ಜಿಂಕೆಯಾಗಲಾರದು. ಅದರ ಕಾಲುಗಳು ಕಂಬಗಳಂತೆ ದಪ್ಪ; ಭಾರವು ನೆಟ್ಟಗೆ ನೆಲಕ್ಕಿಳಿಯುವಂತೆ ಎಲುಬುಗಳು ಒಂದರ ಮೇಲೊಂದು ನಿಂತಿವೆ. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊತ್ತು ಆನೆ ನಡೆಯುವ ಗಾಂಭೀರ್ಯವನ್ನು ನಾವು ಮೆಚ್ಚುತ್ತೇವೆ. ಆ ಗಾಂಭೀರ್ಯಕ್ಕೆ ಈ ಲೆಕ್ಕವೂ ಒಂದು ಕಾರಣ. ಬೆಳೆದ ಆನೆಯು ಜಿಂಕೆಯಂತೆ ನೆಗೆಯಲಾರದು.

ಕವಚದ ಪ್ರಾಣಿಗಳಿಗೆ ಈ ಲೆಕ್ಕ ಇನ್ನೂ ಕಠಿನ. ಕವಚ ಕಳಚಿದ ಹೊತ್ತಿನಲ್ಲಿ ಮೆತ್ತಗಾದ ಮೈಯನ್ನು ಎತ್ತಿಹಿಡಿಯುವವರಾರು? ನೀರಿನಲ್ಲಾದರೆ ನೀರೇ ತೇಲಿಸುತ್ತದೆ. ನೆಲದ ಮೇಲೆ ದೊಡ್ಡ ಮೈ ತನ್ನ ಭಾರಕ್ಕೆ ತಾನೇ ಕುಸಿಯಬೇಕಾದೀತು. ಅಲ್ಲದೆ ಕೀಟಗಳು ಮೈಯೊಳಗೆ ಹಬ್ಬಿದ ಸಣ್ಣ ಕೊಳವೆಗಳ ಮೂಲಕ ಉಸಿರಾಡುವುದರಿಂದ, ಮೈ ಹಿಗ್ಗಿದಷ್ಟೂ ಒಳಕ್ಕೆ ಗಾಳಿ ತಲಪುವುದು ಕಷ್ಟ. ಈಗ ಬದುಕಿರುವ ಕೀಲುಗಾಲಿನ ಪ್ರಾಣಿಗಳಲ್ಲಿ ಕಾಲುಗಳ ಹರವು ಎಲ್ಲಕ್ಕಿಂತ ದೊಡ್ಡದಾಗಿರುವುದು ಜಪಾನಿನ ಜೇಡ ಏಡಿಯದು. ಚಾಚಿದ ಕಾಲುಗಳ ಅಂತರ 3.7 ಮೀಟರಿನವರೆಗೂ ಇರುವುದು. ಅದು ಆಳಸಮುದ್ರದ ವಾಸಿ. ನೆಲದ ಮೇಲೆ ಬಾಳುವುವುಗಳಲ್ಲಿ ದೊಡ್ಡದು ತೆಂಗಿನ ಏಡಿ. ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿಯೂ ಅದು ಉಂಟು. ಅದರ ತೂಕ ಸುಮಾರು 4 ಕಿಲೋಗ್ರಾಂ ಅಷ್ಟೆ. ಪುರಾತನ ಕಾಲದಲ್ಲಿ ಇದಕ್ಕಿಂತ ದೊಡ್ಡವು ಇದ್ದುವು. ಇಂಗ್ಲೆಂಡಿನ ನಾರ್ತಂಬರ್ಲೆಂಡಿನ ಕಡಲತೀರದಲ್ಲಿ 2018ರಲ್ಲಿ ಒಡೆದು ಬಿದ್ದ ಬಂಡೆಯೊಂದರಲ್ಲಿ, 32 ಕೋಟಿ ವರ್ಷಗಳಿಗೂ ಹಿಂದಿನ ಸಹಸ್ರಪದಿಯಂಥ ಪ್ರಾಣಿಯೊಂದರ ಕವಚ ದೊರೆಯಿತು. ಅದರ ಉದ್ದ ಸುಮಾರು 2.6 ಮೀಟರು, ತೂಕ ಸುಮಾರು 50 ಕಿಲೋಗ್ರಾಂ ಇದ್ದಿರಬೇಕೆಂದು ಅಂದಾಜು. ಆದರೂ ಆನೆಯ ಮುಂದೆ ಅದೆಷ್ಟರದು! ಎಲುಬಿನ ಬಲಕ್ಕೂ ಎಲ್ಲೆಯುಂಟು. 30 ಮೀಟರಿನವರೆಗೆ ಬೆಳೆಯುವ ನೀಲಿ ತಿಮಿಂಗಿಲವು ಕಡಲಲ್ಲಿ ಹಗುರವಾಗಿ ಈಜುವುದು. ಆದರೆ ದಂಡೆಯ ಮೇಲೆ ಸಿಕ್ಕಿಬಿದ್ದ ದೊಡ್ಡ ತಿಮಿಂಗಿಲಗಳ ಅಂಗಾಂಗಗಳನ್ನು ಅವುಗಳ ಮೈಭಾರವೇ ಅದುಮಿಬಿಡುವುದು.

ಒಳಗು ಹೊರಗು ಎಂಬ ಈ ವಿಂಗಡಣೆಗೆ ಸುಲಭವಾಗಿ ಒಗ್ಗದ ಪ್ರಾಣಿಗಳೂ ಇವೆ. ಎರೆಹುಳುವಿಗೆ ಗಟ್ಟಿಯಾದ ಹಂದರವೇ ಇಲ್ಲ. ಅದರ ಮೈಯೊಳಗಣ ದ್ರವವೇ ಕಂಕಾಲ. ನೀರು ತುಂಬಿದ ಚೀಲವನ್ನು ಒಂದು ಕಡೆ ಹಿಸುಕಿದರೆ ಇನ್ನೊಂದು ಕಡೆ ಉದ್ದವಾಗುವಂತೆ, ಸ್ನಾಯುಗಳ ಒತ್ತಡದಿಂದ ಅದು ಚಾಚಿ ಮುಂದೆ ಸರಿಯುವುದು. ಕವಚ ಕಳಚಿದ ಏಡಿಯೂ ಗಟ್ಟಿಯಾಗುವವರೆಗೆ ಮೈಯೊಳಗಿನ ದ್ರವದ ಒತ್ತಡವನ್ನೇ ಹೀಗೆ ಊರುಗೋಲಾಗಿ ಬಳಸುವುದೆಂದು ಅಮೆರಿಕದ ಟೇಲರ್ ಮತ್ತು ಕಿಯರ್ ಎಂಬ ಶಾಸ್ತ್ರಜ್ಞರು 2003ರಲ್ಲಿ ತೋರಿಸಿದರು. ಶಾರ್ಕ್ ಮೀನಿಗೆ ಒಳಗೆ ಹಂದರವಿದ್ದರೂ ಅದು ಎಲುಬಲ್ಲ, ಮೃದ್ವಸ್ಥಿ. ಗ್ರಂಧಿಗೆಯ ಅಂಗಡಿಯಲ್ಲಿ ಸಮುದ್ರದ ನೊರೆಯೆಂದು ಮಾರುವ ಬಿಳಿಯ ಹಗುರವಾದ ಬಿಲ್ಲೆಯು ನೊರೆಯಲ್ಲ. ಶಂಖದ ದೂರದ ನೆಂಟನಾದ ಒಂದು ಕಡಲ ಪ್ರಾಣಿಯ ಚಿಪ್ಪು. ಅದರ ಪೂರ್ವಜರ ಹೊರಗಿದ್ದ ಚಿಪ್ಪು ಕಾಲಕ್ರಮದಲ್ಲಿ ಮೈಯೊಳಗೆ ಸೇರಿ, ಈಗ ಅದನ್ನು ತೇಲಿಸುವ ಕೆಲಸ ಮಾಡುತ್ತಿದೆ.

ಎಲ್ಲಕ್ಕಿಂತ ವಿಚಿತ್ರವಾದುದು ಆಮೆ. ಅದರ ಚಿಪ್ಪನ್ನು ನೋಡಿ, ಏಡಿಯಂತೆ ಅದೂ ಹೊರಗಿನ ಮನೆಯಲ್ಲಿರುವುದೆಂದು ಹೇಳುವವರುಂಟು. ವಾಸ್ತವವಾಗಿ ಆಮೆಯ ಬೆನ್ನೆಲುಬೂ ಪಕ್ಕೆಲುಬುಗಳೂ ಅಗಲವಾಗಿ ಒಂದರೊಡನೊಂದು ಬೆಸೆದುಕೊಂಡು ಆದುದೇ ಆ ಬೆನ್ನಿನ ಚಿಪ್ಪು. ಮೇಲೆ ಕಾಣುವುದು ಉಗುರಿನಂಥ ಪದಾರ್ಥದ ಹೊದಿಕೆ. ಆಮೆಯನ್ನು ಚಿಪ್ಪಿನಿಂದ ಹೊರಗೆಳೆಯುವುದೆಂದರೆ ನಮ್ಮನ್ನು ನಮ್ಮ ಪಕ್ಕೆಲುಬಿನಿಂದ ಹೊರಗೆಳೆದಂತೆ. ಜೀವವುಳ್ಳ ಎಲುಬಾದುದರಿಂದ ಚಿಪ್ಪೂ ಅದರೊಡನೆ ಬೆಳೆಯುವುದು. ಕಾವಲು, ಬೆಳವಣಿಗೆ ಎರಡನ್ನೂ ಅದು ಸಂಪಾದಿಸಿತು. ಆದರೆ ಪಕ್ಕೆಲುಬುಗಳನ್ನು ಅಲುಗಿಸಿ ಉಸಿರೆಳೆಯುವ ಶಕ್ತಿಯನ್ನು ಕಳೆದುಕೊಂಡಿತು. ಒಳಗಿನ ಬೇರೆ ಸ್ನಾಯುಗಳಿಂದ ಅದು ಉಸಿರಾಡಬೇಕು.

ನಮ್ಮ ಎಲುಬು ಬದುಕಿರುವ ವಸ್ತುವೆಂಬುದರಿಂದ ನಮಗೆ ಒಂದು ಹೊಣೆಯೂ ಬಂದಿದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ವಿವರಿಸಿದಂತೆ, ಎಲುಬು ತಾನು ಹೊರುವ ಹೊರೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಹೊರೆಯಿಲ್ಲದಿದ್ದರೆ ಸವೆಯುತ್ತದೆ. ತಿಂಗಳುಗಟ್ಟಲೆ ಆಕಾಶನೌಕೆಯಲ್ಲಿ ತೂಕವಿಲ್ಲದಂತೆ ತೇಲಿದವರ ಸೊಂಟ ಮೊದಲಾದ ಎಲುಬುಗಳು, ತಕ್ಕ ವ್ಯಾಯಾಮವಿಲ್ಲದಿದ್ದರೆ, ತಿಂಗಳಿಗೆ ನೂರಕ್ಕೆ 1ರಿಂದ 1.5ರಷ್ಟು ಖನಿಜವನ್ನು ಕಳೆದುಕೊಳ್ಳುವುವು. ದಿನವೆಲ್ಲ ಕುರ್ಚಿಯಲ್ಲಿ ಕುಳಿತಿರುವ ನಗರವಾಸಿಗಳು ಇದನ್ನು ನೆನೆಯುವುದು ಒಳ್ಳೆಯದು. ಮೈಯಲ್ಲಿರುವ ಸುಣ್ಣದ ಧಾತುವಿನಲ್ಲಿ ನೂರಕ್ಕೆ ಸುಮಾರು 99 ಪಾಲು ಎಲುಬು ಹಲ್ಲುಗಳಲ್ಲಿಯೇ ಇರುವುದು. ಹೃದಯದ ಬಡಿತಕ್ಕೂ ನರಗಳ ಕೆಲಸಕ್ಕೂ ಆ ಧಾತು ಬೇಕು. ಆಹಾರದಲ್ಲಿ ಸಾಲದಾದರೆ ಎಲುಬಿನ ಭಂಡಾರದಿಂದ ಮೈ ಅದನ್ನು ತೆಗೆದುಕೊಳ್ಳುವುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಧಾತುವಿದೆ. ಊಟದಲ್ಲಿ ರಾಗಿ ಹಾಲು, ಮೈಗೆ ಬಿಸಿಲು, ಕಾಲಿಗೆ ನಡಗೆ, ಇವು ಮುಪ್ಪಿನಲ್ಲಿ ಜಾರಿ ಬಿದ್ದವರ ಸೊಂಟವನ್ನು ಉಳಿಸಬಲ್ಲ ಸಾಮಾನ್ಯ ಸಾಧನಗಳು.

ಕೊನೆಯದಾಗಿ ಒಂದು ಮಾತು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಎಲುಬು ಮೊದಲು ಕಾಣಿಸಿಕೊಂಡುದು ಬಹುಮಟ್ಟಿಗೆ ಕವಚವಾಗಿಯೇ. 40 ಕೋಟಿ ವರ್ಷಗಳಿಗೂ ಹಿಂದೆ ಬಾಳಿದ ಮೀನುಗಳ ಪಳೆಯುಳಿಕೆಗಳಲ್ಲಿ ತಲೆಯನ್ನೂ ಮುಂಡವನ್ನೂ ಹೊದೆದ ಎಲುಬಿನ ಹಲಗೆಗಳು ಕಾಣುವುವು. ನಮ್ಮ ತಲೆಬುರುಡೆಯ ಮೇಲ್ಛಾವಣಿಯ ಎಲುಬುಗಳು ಆ ಹಳೆಯ ಕವಚದ ವಂಶದವು. ಅಂತಃಕಂಕಾಲದ ನಾವೂ, ಎಲ್ಲಕ್ಕಿಂತ ಬೆಲೆಯುಳ್ಳ ಮೆದುಳಿಗೆ ಮಾತ್ರ ಏಡಿಯಂತೆ ಚಿಪ್ಪನ್ನು ಉಳಿಸಿಕೊಂಡಿದ್ದೇವೆ. ಹಾಗಾದರೆ ಏಡಿಯ ತೊಡಕು ನಮಗೂ ಬರಬೇಕಲ್ಲವೆ? ಬಂದಿದೆ. ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ಮೆದುಳು ಸುಮಾರು ಇಮ್ಮಡಿಯಾಗಬೇಕು. ಆದುದರಿಂದ ಬುರುಡೆಯ ಹಲಗೆಗಳು ಒಂದಕ್ಕೊಂದು ಬೆಸೆದಿರುವುದಿಲ್ಲ, ನಡುವೆ ಎಡೆಯಿರುವುದು. ಹಸುಗೂಸಿನ ನೆತ್ತಿಗೆ ಎಣ್ಣೆಯೊತ್ತುವಾಗ ಅಜ್ಜಿಯ ಅಂಗೈಗೆ ಮೆತ್ತಗೆ ತಗಲುವ, ಮಿಡಿಯುವ ಜಾಗವೇ ಅದು. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ತುಂಬುವ ವೇಳೆಗೆ ಆ ಎಡೆ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮಗುವೂ ತಲೆಯ ಮಟ್ಟಿಗೆ ಆ ಬಿಳಿಯ ಜಿರಲೆಯಂತೆ, ಕಲ್ಲುಸಂದಿಯ ಏಡಿಯಂತೆ ಮೆತ್ತಗಿರುವ ಜೀವವೇ. ಅವುಗಳಿಗೆ ಅಡಗಲು ಮೂಲೆಯೋ ಸಂದಿಯೋ ಬೇಕು. ಮಗುವಿಗೆ ನೆತ್ತಿಯನ್ನು ಕಾಯುವ ಕೈಗಳಿವೆ.